ಇ-ಸಿಗರೇಟಿನ (ವೇಪ್) ಕಾಯಿಲ್ ನಾನೇ ಸುತ್ತಿಕೊಳ್ಳಬೇಕು ಅಂತಿದ್ದೀನಿ, ಮೆಕ್ ಮಾಡ್‌ನಿಂದಲೇ ಶುರು ಮಾಡಬಹುದಾ?

ಪ್ರಶ್ನೆ (ರೆಡಿಂಗ್‌ನಿಂದ):
ಅಣ್ಣಾ, ನಮಸ್ಕಾರ. ಹನ್ನೆರಡು ವರ್ಷ ಸಿಗರೇಟು ಸೇದಿದವನು ನಾನು. ಕಾಲೇಜಲ್ಲಿ ಅಂಟಿದ್ದು, ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಬಳಸಿ ಬಿಸಾಡೋ ವೇಪ್ ಹಿಡಿದ ಮೇಲೆ ಸಿಗರೇಟು ತಾನಾಗೇ ಬಿಟ್ಟುಹೋಯ್ತು. 2025ರ ಜೂನ್ 1ರಿಂದ ಬ್ರಿಟನ್‌ನಲ್ಲಿ ಅವುಗಳ ಮಾರಾಟ ನಿಂತಿತಲ್ಲ, ಆವಾಗ ಮತ್ತೆ ಮತ್ತೆ ಲಿಕ್ವಿಡ್ ತುಂಬಿಸೋ ಪಾಡ್ ತಗೊಂಡೆ. ಅದರೊಳಗೆ ಕಾದು ಲಿಕ್ವಿಡ್ಡನ್ನ ಆವಿ ಮಾಡೋ ತಂತಿಸುರುಳಿ, ಅಂದರೆ ಕಾಯಿಲ್, ಹತ್ತು ದಿನ ಬಂದರೆ ಹೆಚ್ಚು, ಆಮೇಲೆ ಸುಟ್ಟ ವಾಸನೆ. ನನ್ನ ರೂಮ್‌ಮೇಟ್ ಹತ್ರ ಹಿತ್ತಾಳೆಯ ಮೆಕ್ ಮಾಡ್ ಒಂದಿದೆ. ಪರದೆ ಇಲ್ಲ, ಚಿಪ್ ಇಲ್ಲ, ಕೊಳವೆಯೊಳಗೆ ಬ್ಯಾಟರಿ, ಕೆಳಗೆ ಒಂದು ಬಟನ್, ಅಷ್ಟೇ. ಮೇಲೆ ಕೂರಿಸೋ, ಕಾಯಿಲ್ ನಾವೇ ಹಾಕಿಕೊಳ್ಳೋ ಆರ್‌ಡಿಎ ಸಮೇತ ಕೊಡ್ತೀನಿ ಅಂತಿದ್ದಾನೆ. ನೀವು ಬ್ಯಾಟರಿ ಪರೀಕ್ಷೆ ಕೆಲಸದಲ್ಲಿ ಇರೋರು, ಇದರ ಬಗ್ಗೆ ಗೊತ್ತಿರೋರು. ತಗೊಳ್ಳಲಾ?

ಉತ್ತರ (ಬ್ಯಾಟರಿ ಎಂಜಿನಿಯರ್, ಕೊವೆಂಟ್ರಿ):
ಮೊದಲಿಗೆ, ಸಿಗರೇಟು ಬಿಟ್ಟಿದ್ದಕ್ಕೆ ತುಂಬಾ ಸಂತೋಷ ತಮ್ಮಾ. ನಾನೂ ಹಾಗೇ ಬಿಟ್ಟವನು, ಆ ಮೊದಲ ತಿಂಗಳು ಹೇಗಿರುತ್ತೆ ಅಂತ ಗೊತ್ತು.

ಕಾಯಿಲ್ ನೀವೇ ಸುತ್ತಿಕೊಳ್ಳಿ, ಖಂಡಿತ. ಮೆಕ್ ಮಾಡ್ ಮಾತ್ರ ಈಗ ಬೇಡ. ಎರಡೂ ಒಂದೇ ಹವ್ಯಾಸದ ಹಾಗೆ ಕಾಣುತ್ತೆ, ಆದರೆ ಕಾಯಿಲ್ ಸುತ್ತೋದು ಕೈಕೆಲಸ, ಒಂದು ವಾರದಲ್ಲಿ ಕೂರುತ್ತೆ. ತಪ್ಪಿದರೆ ಗಂಟಲು ಉರಿದು ಕೆಮ್ಮು ಬರುತ್ತೆ. ಮೆಕ್ ಮಾಡ್‌ನಲ್ಲಿ ತಪ್ಪಿದರೆ ಬ್ಯಾಟರಿ ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ ಇರುತ್ತೆ.

ಚಿಪ್ ಇರೋ ಮಾಡ್ ಏನು ಮಾಡುತ್ತೆ ನೋಡಿ. ಬಟನ್ ಒತ್ತಿದ ತಕ್ಷಣ ಕಾಯಿಲ್‌ನ ಓಮ್, ಅಂದರೆ ಕರೆಂಟಿಗೆ ಅದು ಒಡ್ಡೋ ತಡೆ, ಅಳೆಯುತ್ತೆ, ಶಾರ್ಟ್ ಇದ್ದರೆ ಕರೆಂಟ್ ಬಿಡೋದೇ ಇಲ್ಲ. ಬ್ಯಾಟರಿ ತೀರಾ ಇಳಿದರೆ ನಿಲ್ಲಿಸುತ್ತೆ, ಹತ್ತು ಸೆಕೆಂಡಿನ ಆಸುಪಾಸು ಒತ್ತಿಯೇ ಇಟ್ಟರೂ ನಿಲ್ಲಿಸುತ್ತೆ. ಮೆಕ್ ಮಾಡ್‌ನಲ್ಲಿ ಇವೆಲ್ಲ ನಿಮ್ಮ ತಲೆಯಲ್ಲಿ ನಡೀಬೇಕು, ಪ್ರತಿ ಸಲ, ನಿದ್ದೆಗಣ್ಣಲ್ಲೂ.

ಹಾಗಾಗಿ ಒಂದು ಬ್ಯಾಟರಿಯ ಸಾಧಾರಣ ಚಿಪ್ ಮಾಡ್ ತಗೊಳ್ಳಿ, ಅದರ ಮೇಲೆ ಒಂದೇ ಕಾಯಿಲ್ ಕೂರೋ ಆರ್‌ಟಿಎ. ಆರ್‌ಟಿಎ ಅಂದರೆ ಸುತ್ತಲೂ ಟ್ಯಾಂಕ್ ಇರೋದು. ರೂಮ್‌ಮೇಟ್ ಕೊಡೋ ಆರ್‌ಡಿಎಗೆ ಟ್ಯಾಂಕ್ ಇರಲ್ಲ, ನಾಲ್ಕೈದು ದಮ್ಮಿಗೊಮ್ಮೆ ಮೇಲಿಂದ ಹನಿ ಹನಿಯಾಗಿ ಲಿಕ್ವಿಡ್ ಬಿಡಬೇಕು. ಆದರೆ ಕಾಯಿಲ್ ಕೂರಿಸಿ ಕಲಿಯೋದಕ್ಕೆ ಅದು ಒಳ್ಳೇದು, ಜಾಗ ಧಾರಾಳ. ಆರ್‌ಡಿಎ ಇಟ್ಟುಕೊಳ್ಳಿ, ಕೊಳವೆ ವಾಪಸ್ ಕೊಡಿ.

ಪ್ರಶ್ನೆ (ರೆಡಿಂಗ್):
ಸರಿ ಅಣ್ಣಾ. ಯಾವ ತಂತಿ, ಎಷ್ಟು ಸುತ್ತು? ಇಂಟರ್ನೆಟ್ಟಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಉತ್ತರ:
26 ಗೇಜಿನ ಕ್ಯಾಂಥಲ್ ಎ1 ತಗೊಳ್ಳಿ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ, ದಪ್ಪ 0.4 ಮಿಲಿಮೀಟರ್. ಬಿಗಿಯಾಗಿರುತ್ತೆ, ಸುತ್ತಿದ ಆಕಾರ ಬಿಡಲ್ಲ, ಬಿಸಿಯಾದರೂ ಓಮ್ ಹೆಚ್ಚು ಬದಲಾಗಲ್ಲ. ನಿಕಲ್ 200, ಟೈಟೇನಿಯಂ ಅಂತ ಸಿಗೋದು ಉಷ್ಣತೆ ನಿಯಂತ್ರಿಸೋ ಮಾಡ್‌ಗಳಿಗೆ ಮಾತ್ರ, ಸದ್ಯಕ್ಕೆ ಮುಟ್ಟಬೇಡಿ.

ಲೆಕ್ಕ ಒಮ್ಮೆ ಕೈಯಲ್ಲೇ ಮಾಡಿ. ಈ ತಂತಿ ಮೀಟರಿಗೆ ಸುಮಾರು 11.3 ಓಮ್. 3 ಮಿಲಿಮೀಟರ್ ಕಡ್ಡಿಯ ಮೇಲೆ ಒಂದು ಸುತ್ತು ಹಾಕಿದರೆ ಸುಮಾರು 10.7 ಮಿಲಿಮೀಟರ್ ತಂತಿ ಹೋಗುತ್ತೆ. ಏಳು ಸುತ್ತಿಗೆ 75, ಎರಡೂ ತುದಿಯ ಕಾಲಿಗೆ ಸೇರಿ ಇನ್ನೊಂದು 9, ಒಟ್ಟು 84. ಅಲ್ಲಿಗೆ 0.95 ಓಮ್. ಚಿಪ್ ಮಾಡ್‌ನಲ್ಲಿ 15 ವಾಟ್‌ನಿಂದ ಶುರು ಮಾಡಿ 20ರ ಹತ್ತಿರ ನಿಲ್ಲಿಸಿ, ಸಾಕು.

ಕಾಯಿಲ್ ಕೂರಿಸಿ ಎರಡೂ ಸ್ಕ್ರೂ ಬಿಗಿ ಮಾಡಿದ ಮೇಲೆ ಕಾಲಿನ ತುದಿಗಳನ್ನ ಸ್ಕ್ರೂ ಇರೋ ಕಂಬಕ್ಕೆ (ಪೋಸ್ಟಿಗೆ) ಅಂಟಿಕೊಂಡ ಹಾಗೆ ಕತ್ತರಿಸಿ. ಅಕ್ಕಿ ಕಾಳಿನ ಮೊನೆಯಷ್ಟು ಉಳಿದು ಗೋಡೆಗೆ ತಾಗಿದರೂ ಶಾರ್ಟ್. ಆಮೇಲೆ ಲಿಕ್ವಿಡ್ ಹೀರೋ ಹತ್ತಿ ಇಡೋ ಮುಂಚೆ ಕಡಿಮೆ ವಾಟಿನಲ್ಲಿ ಬಟನ್ ಒತ್ತಿ ಬಿಡಿ, ಒತ್ತಿ ಬಿಡಿ. ಕೆಂಪು ಬಣ್ಣ ನಡುವಿನ ಸುತ್ತಿನಿಂದ ಹುಟ್ಟಿ ಎರಡೂ ಕಡೆಗೆ ಹರಡಬೇಕು. ಕಾಲು ಮೊದಲು ಕೆಂಪಾದರೆ ಅಥವಾ ಒಂದು ಕಡೆ ಮಾತ್ರ ಹೊಳೆದರೆ, ಬಟನ್ನಿಂದ ಕೈ ತೆಗೆದು ಪಿಂಗಾಣಿ ತುದಿಯ ಚಿಮಟದಿಂದ ಸುತ್ತುಗಳನ್ನ ಮೆಲ್ಲಗೆ ಒತ್ತಿ ಸೇರಿಸಿ.

ಪ್ರಶ್ನೆ (ಕಾರ್ಡಿಫ್‌ನಿಂದ):
ಸರ್, ನನ್ನ ಕಾಯಿಲ್ ಚೆನ್ನಾಗೇ ಕೂತಿದೆ, ಓಮ್ ಸರಿ ಇದೆ. ಆದರೂ ಮೂರನೇ ದಮ್ಮಿಗೆ ಗಂಟಲಲ್ಲಿ ಬೆಂಕಿ. ಹತ್ತಿ ಜಾಸ್ತಿ ತುಂಬಿದಷ್ಟೂ ಜಾಸ್ತಿ ಆಗ್ತಿದೆ.

ಉತ್ತರ:
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ಸರ್. ನಮ್ಮಜ್ಜಿ ದೀಪದ ಬತ್ತಿ ಹೊಸೆಯೋದು ನೋಡಿದ್ದೀನಿ. ಹತ್ತಿ ಹಿಂಜಿ, ತೊಡೆ ಮೇಲಿಟ್ಟು, ಅಂಗೈಲಿ ಹಗುರಕ್ಕೆ ಉರುಳಿಸೋರು. ನಾನು ಬಿಗಿಯಾಗಿ ಹೊಸೆದು ಕೊಟ್ಟರೆ ತೆಗೆದು ಪಕ್ಕಕ್ಕಿಡೋರು, "ಎಣ್ಣೆ ಏರಲ್ಲ ಕಣೋ, ಬತ್ತಿನೇ ಉರಿದುಹೋಗುತ್ತೆ" ಅನ್ನೋರು. ನಿಮ್ಮ ಕಾಯಿಲ್ ಒಳಗೆ ಆಗ್ತಿರೋದು ಅದೇ.

ಹತ್ತಿಯನ್ನ ಕಾಯಿಲ್ ಮೂಲಕ ಎಳೆದಾಗ ಸ್ವಲ್ಪ ಹಿಡಿತ ಸಿಗಬೇಕು, ಕಾಯಿಲ್ ಮಾತ್ರ ಜಾಗ ಬಿಟ್ಟು ಅಲುಗಬಾರದು. ಹೊರಗೆ ಉಳಿದ ಎರಡು ಬಾಲಗಳೇ ಮುಖ್ಯ. ಅವನ್ನ ಬಾಚಿ, ತುದಿ ಓರೆಯಾಗಿ ಕತ್ತರಿಸಿ, ಅರ್ಧದಷ್ಟು ತೆಳು ಮಾಡಿ ಲಿಕ್ವಿಡ್ ಬರೋ ತೂತಿನ ಮೇಲೆ ಬರೀ ಕೂರಿಸಿ, ತುರುಕಬೇಡಿ. ಪೂರ್ತಿ ನೆನೆಸಿ, ಐದು ನಿಮಿಷ ಬಿಟ್ಟು ಮೊದಲ ದಮ್ಮು ಎಳೀರಿ.

ಸುಟ್ಟ ರುಚಿ ಬಂದಾಗ "ಇರಲಿ, ಸರಿಹೋಗುತ್ತೆ" ಅಂತ ಎಳೆಯೋದನ್ನ ದಯವಿಟ್ಟು ಮಾಡಬೇಡಿ. ಒಣ ಕಾಯಿಲ್ ಮೇಲೆ ಲಿಕ್ವಿಡ್ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಹುಟ್ಟುತ್ತೆ. ಸಿಗರೇಟು ಬಿಟ್ಟು ಬಂದದ್ದೇ ಅಂಥವುಗಳಿಂದ ದೂರ ಇರೋದಕ್ಕೆ. ಹತ್ತಿ ಕಿತ್ತು ಬೇರೆ ಹಾಕಿ, ಎರಡು ನಿಮಿಷದ ಕೆಲಸ.

ಪ್ರಶ್ನೆ (ಸ್ಲೌನಿಂದ):
ಗುರುಗಳೇ, ನಾನು ಎರಡು ವರ್ಷದಿಂದ ಆರ್‌ಟಿಎ ಸುತ್ತಿದ್ದೀನಿ. ಮೆಕ್ ಮಾಡ್ ಬಗ್ಗೆ ಬರೀ "ಬೇಡ" ಅಂದರೆ ಹೇಗೆ? ತಗೊಳ್ಳೋನು ತಗೊಂಡೇ ತಗೋತಾನೆ. ಸರಿಯಾಗಿ ಹೇಳಿಕೊಡಿ.

ಉತ್ತರ:
ನಿಮ್ಮ ಮಾತು ನ್ಯಾಯವಾಗಿದೆ. ಎರಡು ವರ್ಷ ಸುತ್ತಿದವರಿಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಲೆಕ್ಕ ಒಂದೇ: ವೋಲ್ಟ್ ಭಾಗಿಸು ಓಮ್. ತುಂಬಿದ ಬ್ಯಾಟರಿ 4.2 ವೋಲ್ಟ್, ಯಾವಾಗಲೂ ಅದನ್ನೇ ಹಿಡೀರಿ, 3.7 ಅಲ್ಲ. 0.5 ಓಮ್ ಕಾಯಿಲ್ ಇದ್ದರೆ 8.4 ಆಂಪಿಯರ್. 0.2ಕ್ಕೆ 21. 0.1ಕ್ಕೆ 42. ಈಗ ಬ್ಯಾಟರಿ ಕಡೆ ನೋಡಿ. ಸ್ಯಾಮ್‌ಸಂಗ್ 25ಆರ್ ನಿರಂತರವಾಗಿ ಕೊಡಬಲ್ಲದ್ದು 20 ಆಂಪಿಯರ್, ಎಲ್‌ಜಿ ಎಚ್‌ಜಿ2 ಕೂಡ 20. ಅಂದರೆ 0.2 ಓಮ್‌ಗೇ ಮಿತಿ ದಾಟಿತು. ಇನ್ನೊಂದು ವಿಷಯ, ಅಗ್ಗದ ಓಮ್ ಮೀಟರ್ 0.02 ಹೆಚ್ಚು ಕಮ್ಮಿ ತೋರಿಸೋದು ಮಾಮೂಲು. ಮೇಲೆ ಹೇಳಿದ 0.95ರ ಕಾಯಿಲ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 0.10 ಅಂತ ಕಂಡದ್ದು ನಿಜಕ್ಕೂ 0.08 ಆಗಿದ್ದರೆ 52 ಆಂಪಿಯರ್ ದಾಟುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಬ್ಯಾಟರಿಯ ಮೆಕ್‌ನಲ್ಲಿ 0.4ಕ್ಕಿಂತ ಕೆಳಗೆ ಇಳಿಯೋ ಅಗತ್ಯ ಯಾರಿಗೂ ಇಲ್ಲ. ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ ಮೆಕ್ ಅಂತೂ 8.4 ವೋಲ್ಟ್. ಅದೇ 0.4 ಓಮ್ ಅಲ್ಲಿ 21 ಆಂಪಿಯರ್ ಎಳೆಯುತ್ತೆ. ಅದರ ಸಹವಾಸವೇ ಬೇಡ.

ಬ್ಯಾಟರಿ ಮೇಲೆ ಬರೆದದ್ದನ್ನೆಲ್ಲ ನಂಬಬೇಡಿ. ಒಂದು ಸಲ ವೇಪ್ ಅಂಗಡಿಯಲ್ಲಿ ನೇರಳೆ ಹೊದಿಕೆಯ ಸೆಲ್ ಕೊಂಡೆ, ಮೇಲೆ 40 ಆಂಪಿಯರ್ ಅಂತ ಅಚ್ಚು. ಪರೀಕ್ಷೆಗೆ ಇಟ್ಟರೆ 25 ಆಂಪಿಯರ್‌ಗೇ ಮೈ 80 ಡಿಗ್ರಿ ದಾಟಿತು, ನಿಲ್ಲಿಸಿಬಿಟ್ಟೆ. ಹೊದಿಕೆ ಸುಲಿದು ನೋಡಿದರೆ ಒಳಗೆ ಬೇರೆ ಕಂಪನಿಯ ಸಾಮಾನ್ಯ ಸೆಲ್. ಅದು ಕೆಟ್ಟ ಸೆಲ್ ಏನಲ್ಲ, ಅದರ ಮೇಲೆ ಬರೆದದ್ದು ಸುಳ್ಳು. 18650 ಸೈಜಿನಲ್ಲಿ (18 ಮಿಲಿಮೀಟರ್ ದಪ್ಪ, 65 ಉದ್ದದ ಸೆಲ್) 9900 ಎಂಎಎಚ್ ಅಂತ, ಅಂದರೆ ಅಷ್ಟು ಸಣ್ಣ ಸೆಲ್‌ಗೆ ಹಿಡಿಸದಷ್ಟು ಚಾರ್ಜ್, ಬರೆದದ್ದು ಕಂಡರಂತೂ ಅಲ್ಲಿಂದಲೇ ಎದ್ದು ಬನ್ನಿ. ಸೆಲ್ ತಯಾರಿಸೋ ದೊಡ್ಡ ಕಂಪನಿಗಳೇ ತಮ್ಮ 18650ಗಳನ್ನ ಹೀಗೆ ಬಿಡಿಬಿಡಿಯಾಗಿ ಬಳಸಬೇಡಿ ಅಂತ ಎಚ್ಚರಿಸುತ್ತವೆ, ಅದೂ ನೆನಪಿರಲಿ.

ಈಗ ಒಂದು ಸೆಲ್ ಕೈಗೆ ತಗೊಂಡು ಮೇಲಿನ ತುದಿ ದಿಟ್ಟಿಸಿ ನೋಡಿ. ನಡುವೆ ಇರೋ ಬಿಲ್ಲೆ ಪ್ಲಸ್. ಅದರ ಸುತ್ತ ಬಳೆಯ ಹಾಗೆ ಒಂದು ತೆಳು ಕಾಗದ. ಆ ಬಳೆ ದಾಟಿದರೆ ಡಬ್ಬಿಯ ಅಂಚು, ಅದು ಮೈನಸ್. ಡಬ್ಬಿ ಪೂರ್ತಿ ಮೈನಸ್ಸೇ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಅದನ್ನ ಮುಚ್ಚಿದೆ ಅಷ್ಟೇ. ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಇರೋ ದೂರ ಒಂದೆರಡು ಮಿಲಿಮೀಟರ್. ಜೇಬಲ್ಲಿ ಕೀ ಗೊಂಚಲಿನ ಜೊತೆ ಹಾಕಿದರೆ, ಹೊದಿಕೆ ಉಗುರಿನಷ್ಟು ಹರಿದರೆ ಏನಾಗುತ್ತೆ ಅಂತ ಇದನ್ನ ನೋಡಿದ ಮೇಲೆ ಹೇಳಬೇಕಾಗಿಲ್ಲ. ಹರಿದ ಹೊದಿಕೆಗೆ ಹೊಸದು ಕೆಲವು ಪೆನ್ಸ್‌ಗೆ ಸಿಗುತ್ತೆ, ಬಿಸಿಗಾಳಿ ಹಿಡಿದರೆ ಕೂರುತ್ತೆ. ಬಿಡಿ ಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರಲಿ.

ಇನ್ನು ಹೈಬ್ರಿಡ್ ತಲೆ. ಕೆಲವು ಮೆಕ್ ಮಾಡ್‌ಗಳಲ್ಲಿ ಅಟೊಮೈಜರ್‌ನ (ಆರ್‌ಡಿಎ, ಆರ್‌ಟಿಎಯಂಥ ಮೇಲಿನ ಭಾಗ) ಅಡಿಯಲ್ಲಿರೋ 510 ಪಿನ್ ನೇರ ಬ್ಯಾಟರಿಯ ಪ್ಲಸ್ ಮೇಲೆ ಕೂರುತ್ತೆ, ನಡುವೆ ಏನೂ ಇಲ್ಲ. ಪಿನ್ ಥ್ರೆಡ್‌ಗಿಂತ ಸ್ಪಷ್ಟವಾಗಿ ಮುಂದಕ್ಕೆ ಚಾಚಿರಬೇಕು, ಒತ್ತಿದರೆ ಒಳಹೋಗೋ ಸ್ಪ್ರಿಂಗ್ ಪಿನ್ ಆಗಿರಬಾರದು. ಪಿನ್ ಒಳಗೆ ಸರಿದಿದ್ದರೆ ಮೈನಸ್ ಆಗಿರೋ ಥ್ರೆಡ್ಡೇ ಪ್ಲಸ್ ಮೇಲೆ ಕೂರುತ್ತೆ, ಕಾಯಿಲ್‌ಗೆ ಕೆಲಸವೇ ಇಲ್ಲದೆ ನೇರ ಶಾರ್ಟ್. ಆಗ ಹರಿಯೋದು ನೂರು ಆಂಪಿಯರ್ ದಾಟಬಹುದು. ಕೊಳವೆಯಲ್ಲಿ ಗ್ಯಾಸ್ ಹೊರಹೋಗೋ ತೂತುಗಳಿಲ್ಲದಿದ್ದರೆ ಅದು ಪೈಪ್ ಬಾಂಬ್‌ನ ಹಾಗೇ. ಹೆದರಿಸೋದಕ್ಕೆ ಹೇಳ್ತಿಲ್ಲ. 2018ರ ಮೇ ತಿಂಗಳಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಬ್ಬರು ಮೆಕ್ ಮಾಡ್ ಸಿಡಿದು ತೀರಿಕೊಂಡರು. 2019ರ ಜನವರಿಯಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಇ-ಸಿಗರೇಟ್ ಸಿಡಿದು, ಅದರ ಚೂರು ಕತ್ತಿನ ರಕ್ತನಾಳ ಕಡಿದು, ಒಬ್ಬ ಯುವಕ ಸತ್ತ. ಈ ಸುದ್ದಿ ಓದಿದ ದಿನದಿಂದ ನನ್ನ ಹೈಬ್ರಿಡ್ ಕೊಳವೆ ಬೀರುವಿನಲ್ಲಿದೆ.

ಇಷ್ಟಾದ ಮೇಲೂ ತಗೊಳ್ಳೋದಾದರೆ: ಹೊಸ ಕಾಯಿಲ್ ಮೊದಲು ಮೀಟರ್ ಮೇಲೆ, ಆಮೇಲೇ ಮಾಡ್ ಮೇಲೆ. ಜೇಬಿಗೆ ಹಾಕೋ ಮುಂಚೆ ಲಾಕ್ ರಿಂಗ್ ತಿರುಗಿಸಿ, ಲಾಕ್ ಇಲ್ಲದಿದ್ದರೆ ಬ್ಯಾಟರಿ ಹೊರಗೆ ತೆಗೀರಿ. ಆವಿ ತೆಳುವಾಗ್ತಿದ್ದ ಹಾಗೆ ಬ್ಯಾಟರಿ ಬದಲಿಸಿ, 3.4 ವೋಲ್ಟ್‌ಗಿಂತ ಕೆಳಗೆ ಎಳೀಬೇಡಿ. ಬಟನ್ ಬಿಸಿ ಆಯ್ತು ಅಂದರೆ ಅಲ್ಲೇ ನಿಲ್ಲಿಸಿ. ಹಿತ್ತಾಳೆ, ತಾಮ್ರದ ಭಾಗಗಳು ಕಪ್ಪಾದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಬ್ಯಾಟರಿ ತೆಗೆದು, ಭಾಗ ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು ಪೂರ್ತಿ ಒಣಗಿಸಿ. ಮನೆಯ ತಾಮ್ರದ ಚೊಂಬಿಗೆ ಮಾಡೋದೇ.

ಪ್ರಶ್ನೆ (ಮಿಲ್ಟನ್ ಕೀನ್ಸ್‌ನಿಂದ):
ಸರ್, ನಾನು ಯಾವತ್ತೂ ಸೇದಿದವನಲ್ಲ. ದೊಡ್ಡ ಮೋಡ ಬಿಡೋದು ನೋಡಿ ಆಸೆ ಆಗಿದೆ. ನಿಕೋಟಿನ್ ಎಷ್ಟು ಹಾಕ್ಕೊಳ್ಳಲಿ?

ಉತ್ತರ:
ನಿಮಗೆ ನನ್ನ ಉತ್ತರ, ಶುರು ಮಾಡಲೇಬೇಡಿ. ಇಲ್ಲಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳೋದೂ ಇದೇ: ಸೇದುವವರಿಗೆ ಸಿಗರೇಟಿಗಿಂತ ಇದರ ಹಾನಿ ತುಂಬಾ ಕಡಿಮೆ, ಆದರೆ ಹಾನಿಯೇ ಇಲ್ಲ ಅಂತಲ್ಲ, ಸೇದದವರು ಹಿಡೀಬಾರದು.

ನಿಕೋಟಿನ್ ಲೆಕ್ಕ ಸಿಗರೇಟು ಬಿಟ್ಟು ಬಂದ ಉಳಿದವರಿಗೆ ಹೇಳ್ತೀನಿ. ಪಾಡ್‌ನಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಇರೋ ಲಿಕ್ವಿಡ್ ಎಳೀತಿದ್ದವರು ಅದನ್ನೇ ಆರ್‌ಡಿಎಗೆ ಹಾಕಿದರೆ ತಲೆ ಸುತ್ತಿ ವಾಂತಿ ಬರಬಹುದು, ಏಕೆಂದರೆ ಒಂದೊಂದು ದಮ್ಮಿಗೂ ಆವಿ ಎಷ್ಟೋ ಪಟ್ಟು ಹೆಚ್ಚು. ನಿಕೋಟಿನ್ ಇಲ್ಲದ 50 ಮಿಲಿಲೀಟರ್ ಬಾಟಲಿಗೆ 18 ಮಿಲಿಗ್ರಾಂನ 10 ಮಿಲಿಲೀಟರ್ ಸೇರಿಸಿದರೆ ಮಿಲಿಲೀಟರಿಗೆ 3 ಮಿಲಿಗ್ರಾಂ ಆಗುತ್ತೆ, ಅದರಿಂದ ಶುರು ಮಾಡಿ. ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ ಇಡಿ.

ಪ್ರಶ್ನೆ (ಸ್ಲೌ):
ಗುರುಗಳೇ, ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗ್ತಿದ್ದೀನಿ. ವೇಪ್ ಜೊತೆಗೆ ಒಯ್ಯಬಹುದಾ?

ಉತ್ತರ:
ಬೇಡ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು, 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆ ಮತ್ತು ಅದೇ ವರ್ಷದ ಕಾಯ್ದೆ ಇಡೀ ದೇಶಕ್ಕೆ ನಿಷೇಧ ತಂದವು. ಆಮದು ಕೂಡ ಅದರಲ್ಲಿ ಬರುತ್ತೆ, ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಮ್ಮದೇ ಬಳಕೆಗೆ ಅಂತ ಹೇಳಿ ಪಾರಾಗಬಹುದು ಅಂತ ನಂಬಿಕೊಂಡು ಹೋಗಬೇಡಿ. ರಜೆಗೆ ನಿಕೋಟಿನ್ ಗಮ್ ಅಥವಾ ಪ್ಯಾಚ್ ತಗೊಂಡು ಹೋಗಿ. ನಾನು ಹೋದಾಗಲೆಲ್ಲ ಮಾಡೋದು ಅದನ್ನೇ. ಊರಲ್ಲಿ ಹಳೇ ಗೆಳೆಯರು ಸಿಗರೇಟು ಚಾಚಿದಾಗ ಜೇಬಲ್ಲಿ ಗಮ್ ಇರಲೇಬೇಕು.

ಪ್ರಶ್ನೆ (ರೆಡಿಂಗ್):
ಅಣ್ಣಾ, ಮತ್ತೆ ನಾನೇ. ಚಿಪ್ ಮಾಡ್ ಬಂತು, ನೀವು ಹೇಳಿದ ಹಾಗೆ ಏಳು ಸುತ್ತು ಹಾಕಿದೆ. ಪರದೆ ಒಮ್ಮೆ 0.96, ಒಮ್ಮೆ 1.3, ಒಮ್ಮೆ "ಅಟೊಮೈಜರ್ ಇಲ್ಲ" ಅನ್ನುತ್ತೆ. ಮಾಡ್ ಕೆಟ್ಟಿದೆಯಾ?

ಉತ್ತರ:
ಮಾಡ್ ಸರಿಯಾಗಿದೆ. ಓಮ್ ಕುಣೀತಿದೆ ಅಂದರೆ ಒಂದು ಕಾಲು ಸಡಿಲ ಇದೆ. ಬ್ಯಾಟರಿ ತೆಗೆದು ಎರಡೂ ಸ್ಕ್ರೂ ಬಿಗಿ ಮಾಡಿ, ತಂತಿ ತುಂಡಾಗೋಷ್ಟು ಬೇಡ. ಕಾಯಿಲ್ ಕೂರೋ ತಟ್ಟೆಯ (ಡೆಕ್ಕಿನ) ಅಡಿಯಲ್ಲಿರೋ 510 ಪಿನ್ನನ್ನೂ ಒಂದು ಕಾಲು ಸುತ್ತು ತಿರುಗಿಸಿ ನೋಡಿ, ಹೊಸದರಲ್ಲಿ ಅದೂ ಸಡಿಲ ಇರುತ್ತೆ.

ರೆಡಿಂಗ್:
ಎಡಗಡೆ ಸ್ಕ್ರೂ ಅಣ್ಣಾ! ಈಗ 0.95. ಮೂರು ಸಲ ಒತ್ತಿದೆ, ಅಲುಗಾಡ್ತಾ ಇಲ್ಲ. ಹತ್ತಿ ಹಾಕ್ತಿದ್ದೀನಿ.