ಆರ್2-ಡಿ2 ಲೋಹದ ಮಾಡೆಲ್: ತಲೆಯ ಗುಮ್ಮಟ ಕೂರ್ತಾನೇ ಇಲ್ಲ, ಏನು ಮಾಡಲಿ?

ಗುಮ್ಮಟದ_ಗೋಳು:
ಎಲ್ಲರಿಗೂ ನಮಸ್ಕಾರ. ತೆಳು ಲೋಹದ ಹಾಳೆಯಿಂದ ಭಾಗ ಕತ್ತರಿಸಿ, ಬಾಗಿಸಿ ಜೋಡಿಸುವ ಕಿಟ್ ಬರುತ್ತದಲ್ಲ, ಅಂಥ ಮೆಟಲ್ ಅರ್ತ್‌ನ ಆರ್2-ಡಿ2 ಜೋಡಿಸುತ್ತಿದ್ದೇನೆ. ಅದೇ, ಸ್ಟಾರ್ ವಾರ್ಸ್‌ನ ಗಿಡ್ಡ ರೋಬೋ. ಇದಕ್ಕೂ ಮೊದಲು ಒಂದು ವಿಮಾನ, ಒಂದು ರೈಲು ಎಂಜಿನ್ ಮಾಡಿದ್ದೆ, ಇದೇನು ಮಹಾ ಅಂದುಕೊಂಡು ತಂದೆ. ಕಾಲುಗಳು ಆದವು. ಮೈಯ ಸಿಲಿಂಡರ್ ಹೇಗೋ ಸುತ್ತಿ ಕೂರಿಸಿದೆ, ಆದರೆ ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಚಪ್ಪಟೆ ಪಟ್ಟಿಗಳು ಎದ್ದು ಕಾಣುತ್ತವೆ. ಈಗ ತಲೆಗೆ ಬಂದು ನಿಂತಿದ್ದೇನೆ. ಗುಮ್ಮಟ ಹೂವಿನ ಹಾಗೆ ಸೀಳಿದ ದಳಗಳಾಗಿ ಬರುತ್ತದೆ, ಅವನ್ನು ಒಂದೊಂದೇ ಬಾಗಿಸಿ ಸಿಕ್ಕಿಸಬೇಕು. ಈ ಕಡೆ ಸಿಕ್ಕಿಸಿದರೆ ಎದುರಿನದು ಪಟ್ ಅಂತ ಎದ್ದು ಬರುತ್ತದೆ, ಅದನ್ನು ಒತ್ತಿದರೆ ಇದು ಬಿಚ್ಚಿಕೊಳ್ಳುತ್ತದೆ, ಸಂಜೆಯೆಲ್ಲ ಇದೇ ಆಟ. ಬಿಚ್ಚಿ ಮತ್ತೆ ಮಡಚುವಾಗ ಒಂದು ಟ್ಯಾಬ್ (ಸಂದಿಗೆ ಸಿಕ್ಕಿಸಿ ಮಡಚುವ ಪುಟ್ಟ ನಾಲಿಗೆ) ಮುರಿದೂ ಹೋಯಿತು. ಗುಮ್ಮಟ ದುಂಡಗೆ ಬರಲು ಉಪಾಯ ಇದೆಯಾ? ಮುರಿದ ಟ್ಯಾಬ್‌ಗೆ ಏನು ಮಾಡುವುದು? ಅಂಟು ಬೇಡ ಅಂತಲೇ ಈ ಕಿಟ್‌ಗಳನ್ನು ಮಾರುತ್ತಾರಲ್ವಾ, ಹಾಕಿದರೆ ಪರವಾಗಿಲ್ವಾ?

ಚಿಮಟ_ಶಾಸ್ತ್ರಿ:
ಮೊದಲು ಇಕ್ಕಳ ಕೆಳಗಿಡಿ ಸರ್. ವಿಮಾನಕ್ಕೂ ಇದಕ್ಕೂ ವ್ಯತ್ಯಾಸ ಇದೆ. ವಿಮಾನದಲ್ಲಿ ಹೆಚ್ಚಿನ ಭಾಗ ಒಂದೇ ದಿಕ್ಕಿಗೆ ಬಾಗುತ್ತದೆ. ಗುಮ್ಮಟ ಎರಡೂ ದಿಕ್ಕಿಗೆ ಬಾಗಬೇಕು, ಚಪ್ಪಟೆ ಹಾಳೆ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೇ ದಳ ದಳವಾಗಿ ಸೀಳಿರುತ್ತಾರೆ.

ನೀವು ಮಾಡುತ್ತಿರುವುದು ಏನು ಅಂದರೆ, ದಳ ನೇರವಾಗಿಯೇ ಇದೆ, ಟ್ಯಾಬ್ ಹಿಡಿದು ಎಳೆದು ಬಾಗಿಸುತ್ತಿದ್ದೀರಿ. ಆಗ ದಳ ಸ್ಪ್ರಿಂಗ್ ಆಗಿಯೇ ಉಳಿಯುತ್ತದೆ, ಬಿಟ್ಟ ಕೂಡಲೇ ಎದ್ದೇಳುತ್ತದೆ. ಸಿಕ್ಕಿಸುವ ಮೊದಲೇ ದಳಕ್ಕೆ ಬಾಗು ಬಂದಿರಬೇಕು. ಹಳೇ ಮೌಸ್ ಪ್ಯಾಡ್ ಇದ್ದರೆ ತೆಗೆದುಕೊಳ್ಳಿ. ಗುಮ್ಮಟದ ಹೊರಮೈ ಕೆಳಗೆ ಬರುವ ಹಾಗೆ ಅದರ ಮೇಲಿಡಿ. ಒಂದು ಗೋಲಿಯನ್ನು ದಳದ ಮೇಲೆ ಒತ್ತಿ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ನಿಧಾನ ಉರುಳಿಸಿ. ಗೋಲಿ ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನೂ ಆಗುತ್ತದೆ. ಒಂದು ದಳ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎಲ್ಲ ದಳಕ್ಕೂ ಸ್ವಲ್ಪ ಸ್ವಲ್ಪ ಬಾಗು ಕೊಡುತ್ತಾ ಸುತ್ತು ಹಾಕಿ. ಕೈಬಿಟ್ಟರೂ ತಾನೇ ಬಟ್ಟಲಿನ ಆಕಾರದಲ್ಲಿ ನಿಂತರೆ ಸಾಕು, ಅಲ್ಲಿಗೆ ಮುಕ್ಕಾಲು ಕೆಲಸ ಮುಗಿಯಿತು.

ಆಮೇಲೆ ಟ್ಯಾಬ್‌ಗಳು. ಸಿಕ್ಕಿಸಿದ ತಕ್ಷಣ ಪೂರ್ತಿ ಮಡಚಲೇಬೇಡಿ, ಜಾರದಷ್ಟು ಮಾತ್ರ ವಾಲಿಸಿ. ಒಂದಾದ ಮೇಲೆ ಅದರ ಎದುರಿನದು, ಹೀಗೆ ಸಿಕ್ಕಿಸುತ್ತಾ ಹೋಗಿ. ಎಲ್ಲವೂ ಕೂತ ಮೇಲೆ ಬಿಗಿ ಮಾಡಿ. ಒಳಗಡೆ ಕಾಣದ ಕಡೆ ಟ್ಯಾಬ್ ತಿರುಚಿದರೆ ಹಿಡಿತ ಜಾಸ್ತಿ, ಹೊರಗೆ ಕಾಣುವ ಕಡೆ ಚಪ್ಪಟೆಯಾಗಿ ಮಡಚಿದರೆ ಚೆಂದ. ಸೂಚನೆ ಹಾಳೆಯಲ್ಲಿ ಮಡಚುವುದಕ್ಕೊಂದು ಗುರುತು, ತಿರುಚುವುದಕ್ಕೊಂದು ಗುರುತು ಇರುತ್ತದಲ್ಲ, ಅದನ್ನು ಸುಮ್ನೆ ಕೊಟ್ಟಿರುವುದಿಲ್ಲ.

ಟ್ಯಾಬ್ ಮುರಿದದ್ದು ಯಾಕೆ ಅಂದರೆ, ಲೋಹವನ್ನು ಒಂದು ಕಡೆ ಮಡಚಿ, ಬಿಚ್ಚಿ, ಮತ್ತೆ ಮಡಚಿದಾಗ ಆ ಗೆರೆಯಲ್ಲಿ ಗಟ್ಟಿಯಾಗಿ ಪೆಡಸಾಗುತ್ತದೆ. ಒಂದು ಸಲ ಮಡಚಿ ಒಂದು ಸಲ ಬಿಚ್ಚಿದರೆ ಸಾಮಾನ್ಯವಾಗಿ ತಡೆಯುತ್ತದೆ. ಅದರ ಮೇಲೆ ದೇವರೇ ಗತಿ.

ಬೆಸುಗೆ_ಭಟ್ಟ:
ಒಂದು ಟ್ಯಾಬ್‌ಗೆ ಇಷ್ಟು ಯೋಚನೆ ಯಾಕೆ ಗುರು? ಒಳಗಡೆಯಿಂದ ಒಂದು ಚುಕ್ಕಿ ಸೀಸ ಹಾಕಿ ಸಾಲ್ಡರ್ ಮಾಡಿ, ಜನ್ಮದಲ್ಲಿ ಬಿಡುವುದಿಲ್ಲ. ನಾನು ರೇಡಿಯೋ ರಿಪೇರಿ ಮಾಡುವವನು, ಹಿತ್ತಾಳೆ ಹಾಳೆಯ ಮಾಡೆಲ್‌ಗಳನ್ನು ಹಾಗೇ ಮಾಡುವುದು.

ಚಿಮಟ_ಶಾಸ್ತ್ರಿ:
ಭಟ್ರೇ, ಹಿತ್ತಾಳೆಗೆ ನಿಮ್ಮ ಮಾತು ಸರಿ. ಇದು ಉಕ್ಕು. ಸೀಸ ಹಿಡಿಯಲೆಂದು ರೇಡಿಯೋ ಕೆಲಸದಲ್ಲಿ ಹಚ್ಚುವ ರಾಳದ ಫ್ಲಕ್ಸ್‌ಗೆ ಸೀಸ ಸರಿಯಾಗಿ ಹಿಡಿಯುವುದಿಲ್ಲ. ಆ್ಯಸಿಡ್ ಫ್ಲಕ್ಸ್ ಹಾಕಿದರೆ ಹಿಡಿಯುತ್ತದೆ, ಆದರೆ ಚೆನ್ನಾಗಿ ತೊಳೆಯದಿದ್ದರೆ ಅದೇ ತುಕ್ಕು ತರುತ್ತದೆ. ಅಲ್ಲದೆ ಆರ್2-ಡಿ2 ಮೇಲೆ ನೀಲಿ ಬಣ್ಣ ಇದೆ. ಕಾಯಿಸಿದರೆ ಆ ಬಣ್ಣದ ಕಥೆ ಏನು?

ಕಡಲಕರೆ_ಅಕ್ಕ:
ಮುರಿದ ಟ್ಯಾಬ್ ಬಗ್ಗೆ ನನ್ನದೊಂದು ಮಾತು. ಅಕ್ಕಪಕ್ಕದ ಟ್ಯಾಬ್‌ಗಳು ಗಟ್ಟಿ ಇದ್ದರೆ ಅದನ್ನು ಹಾಗೇ ಬಿಟ್ಟುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ಅಲುಗಾಡಿದರೆ ಮಾತ್ರ ಅಂಟು ಹಾಕಿ, ತಪ್ಪೇನಿಲ್ಲ, ಪೊಲೀಸರು ಬರುವುದಿಲ್ಲ. ಆದರೆ ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಸುತ್ತಮುತ್ತ ಬೆಳ್ಳಗೆ ಮಂಜು ಹಿಡಿಸುತ್ತದೆ, ಹೊಳೆಯುವ ಉಕ್ಕಿನ ಮೇಲೆ ಅದು ಎದ್ದು ಕಾಣುತ್ತದೆ. ಮುಚ್ಚಿದ ಗುಮ್ಮಟದೊಳಗೆ ಹಾಕಿದರಂತೂ ಆ ಆವಿ ಅಲ್ಲೇ ನಿಂತುಬಿಡುತ್ತದೆ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ತೆಗೆದುಕೊಳ್ಳಿ. ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸಾಕು. ಒಳಗಿನಿಂದ ಹಚ್ಚಿ, ರಾತ್ರಿ ಹಾಗೇ ಬಿಡಿ.

ಮೈಯ ಚಪ್ಪಟೆ ಪಟ್ಟಿಗಳ ಬಗ್ಗೆ ಯಾರೂ ಹೇಳಲಿಲ್ಲ. ಬರೀ ಬೆರಳಲ್ಲಿ ಸುತ್ತಿದರೆ ಹಾಗೇ ಆಗುವುದು. ಒಳಗೆ ದುಂಡನೆಯದು ಏನಾದರೂ ಇಟ್ಟು ಸುತ್ತಬೇಕು, ಅದೂ ಬೇಕಾದ ಅಳತೆಗಿಂತ ಸ್ವಲ್ಪ ಸಣ್ಣದು, ಯಾಕೆಂದರೆ ಹಾಳೆ ಬಿಟ್ಟಾಗ ಸ್ವಲ್ಪ ಅಗಲವಾಗುತ್ತದೆ. ಗೋಡೆ ಗಡಿಯಾರದ ಎಎ ಸೆಲ್ 14.5 ಮಿಮೀ, ರಿಮೋಟ್‌ನ ಸಣ್ಣ ಎಎಎ ಸೆಲ್ 10.5 ಮಿಮೀ. ಇವೆರಡು, ಒಂದು ಪೆನ್ನು, ಒಂದೆರಡು ಡ್ರಿಲ್ ಬಿಟ್‌ನ ಹಿಂಬದಿ, ಇಷ್ಟಿದ್ದರೆ ಸಾಕು. ದೊಡ್ಡ ಮೈಗೆ ಔಷಧಿ ಬಾಟಲಿ ಹುಡುಕಿ. ಈಗಾಗಲೇ ಕೂರಿಸಿದ್ದನ್ನು ಬಿಚ್ಚಬೇಡಿ ಮಾರಾಯ್ರೇ, ಇನ್ನಷ್ಟು ಟ್ಯಾಬ್ ಹೋದೀತು. ಚಪ್ಪಟೆ ಇರುವ ಕಡೆ ಹಿಂಬದಿಗೆ ತಿರುಗಿಸಿ ಇಟ್ಟರಾಯಿತು!

ಇನ್ನೊಂದು, ಹಲ್ಲಿರುವ ನೋಸ್ ಪ್ಲೈಯರ್ ಬಳಸುತ್ತಿದ್ದರೆ ಬಿಡಿ. ಹಲ್ಲಿನ ಗುರುತು ಬಿದ್ದರೆ ಹೋಗುವುದಿಲ್ಲ, ಬಣ್ಣವೂ ಕಿತ್ತು ಬರುತ್ತದೆ. ಬಾಯಿ ನುಣುಪಾಗಿರುವುದು ಬೇಕು. ಸಿಗುವವರೆಗೆ ಬಾಯಿಗೆ ಎರಡು ಸುತ್ತು ಟೇಪ್ ಸುತ್ತಿಕೊಳ್ಳಿ.

ಗುಮ್ಮಟದ_ಗೋಳು:
ಶಾಸ್ತ್ರಿಗಳೇ, ಅಕ್ಕಾ, ಇಬ್ಬರಿಗೂ ದೊಡ್ಡ ನಮಸ್ಕಾರ. ಮಗನ ಹತ್ತಿರ ಗೋಲಿ ಸಾಲ ತಗೊಂಡು ಮೌಸ್ ಪ್ಯಾಡ್ ಮೇಲೆ ಉರುಳಿಸಿದೆ. ದಳಗಳು ತಾವೇ ಒಳಗೆ ಬಾಗಿ ನಿಂತವು. ಸಿಕ್ಕಿಸಿದಾಗ ಯಾವುದೂ ಎದ್ದು ಬರಲಿಲ್ಲ. ಎರಡು ದಳಗಳ ನಡುವೆ ಮಾತ್ರ ಕೂದಲೆಳೆಯಷ್ಟು ಸಂದಿ ಇದೆ. ಮುರಿದ ಟ್ಯಾಬ್ ಕಡೆ ಅಂಟಿಲ್ಲದೇ ಗಟ್ಟಿ ನಿಂತಿದೆ. ಈಗ ಎರಡು ಪ್ರಶ್ನೆ. ಮಡಚಿದ ಅಂಚಲ್ಲಿ ನೀಲಿ ಬಣ್ಣ ಬಿರುಕು ಬಿಟ್ಟು ಬೆಳ್ಳಿ ಗೆರೆ ಕಾಣುತ್ತಿದೆ, ಅದಕ್ಕೇನು? ಎರಡನೆಯದು, ಇದೇ ಹುರುಪಿನಲ್ಲಿ ಸ್ಟಾರ್ ವಾರ್ಸ್‌ನದೇ ಇನ್ನೊಂದು ರೋಬೋ ಬಿಬಿ-8 ತರಬಹುದಾ? ಬೆಂಗಳೂರಲ್ಲೇ ಇರುವುದು, ಒಳ್ಳೇ ಕಟರ್ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ.

ಚಿಮಟ_ಶಾಸ್ತ್ರಿ:
ಎರಡು ಪ್ರಶ್ನೆ ಅಂತ ಹೇಳಿ ಮೂರು ಕೇಳಿದ್ದೀರಿ. ಕಟರ್‌ಗೆ ಎಸ್.ಪಿ. ರೋಡ್‌ಗೆ ಹೋಗಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಫ್ಲಶ್ ಕಟರ್ ಅಂತ ಕೇಳಿ. ಒಂದು ಬದಿ ಪೂರ್ತಿ ಚಪ್ಪಟೆ ಇರುವುದು ಬೇಕು, ಆ ಬದಿಯನ್ನು ಭಾಗದ ಕಡೆಗೆ ಹಿಡಿದು ಕತ್ತರಿಸಿದರೆ ಮುಳ್ಳು ಉಳಿಯುವುದಿಲ್ಲ. ಬೆಳ್ಳಿ ಗೆರೆಗೆ ನೀಲಿ ಪರ್ಮನೆಂಟ್ ಮಾರ್ಕರ್ ತುದಿ ಮುಟ್ಟಿಸಿ, ಕೂಡಲೇ ಬೆರಳಲ್ಲಿ ಒರೆಸಿ. ಬಿರುಕಿನೊಳಗೆ ಇಳಿದದ್ದು ಮಾತ್ರ ಉಳಿಯುತ್ತದೆ.

ಬಿಬಿ-8 ತರಬೇಡಿ ಅಂತ ಹೇಳುವುದಿಲ್ಲ. ಆದರೆ ಅದರ ಮೈಯೇ ಚೆಂಡು, ಅಂದರೆ ಇವತ್ತು ಮಾಡಿದ್ದನ್ನು ಮೇಲಕ್ಕೊಂದು ಸಲ, ಕೆಳಕ್ಕೊಂದು ಸಲ ಮಾಡಿ, ನಡುವೆ ಎರಡೂ ಕೂಡುವ ಹಾಗೆ ನೋಡಬೇಕು. ಆರ್2-ಡಿ2ದ ಹಾಳೆಯಲ್ಲಿ ಭಾಗ ಕತ್ತರಿಸಿ ಉಳಿದ ಚೌಕಟ್ಟು ಎಸೆದಿಲ್ಲ ತಾನೇ? ಅದರಲ್ಲಿ ದಳದಷ್ಟು ಅಗಲದ ಪಟ್ಟಿಗಳನ್ನು ಕತ್ತರಿಸಿ ಮೊದಲು ಗೋಲಿ ಉರುಳಿಸಿ ಕೈ ಕೂರಿಸಿಕೊಳ್ಳಿ.

ಬೆಸುಗೆ_ಭಟ್ಟ:
ಆ ಚೌಕಟ್ಟಿನ ಚೂರೊಂದು ನನಗೂ ಕಳಿಸಿ. ಸೀಸ ಹಿಡಿಯುವುದಿಲ್ಲ ಅಂದರೆ ಒಂದು ಕೈ ನೋಡಿಯೇ ಬಿಡುತ್ತೇನೆ.