ಕೊಳದ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ, ಮೀನು ಉಳಿಯುತ್ತವಾ?

ಹೊಸಕೊಳ:
ನಮ್ಮ ಹಿತ್ತಲ ಕೊಳಕ್ಕೆ ಇದು ಮೊದಲ ಚಳಿಗಾಲ. ಆಳ ಸುಮಾರು 80 ಸೆಂ.ಮೀ. ಐದು ಕಾಮೆಟ್ ಗೋಲ್ಡ್‌ಫಿಷ್, ಎರಡು ಒರಾಂಡಾ (ಅದೂ ಗೋಲ್ಡ್‌ಫಿಷ್ ತಳಿಯೇ) ಇವೆ. ಇವತ್ತು ಬೆಳಿಗ್ಗೆ ಅಂಚಿನಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಎಲ್ಲವೂ ತಳ ಸೇರಿವೆ, ಆಹಾರ ಹಾಕಿದರೂ ಮೇಲೆ ಬರುತ್ತಿಲ್ಲ. ಕಾಯಿಲೆಯೇನೋ ಅಂತ ಭಯ. ಎಲ್ಲವನ್ನೂ ಒಳಗೆ ತರಲಾ?

ತಾವರೆಬೇರು:
ಗಾಬರಿ ಬೇಡ, ಅವು ಇರಬೇಕಾದ ಜಾಗದಲ್ಲೇ ಇವೆ. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ. ಆ ನೀರು ತಳಕ್ಕಿಳಿಯುತ್ತದೆ, ಹಾಗಾಗಿ ಮೇಲೆ ಗಡ್ಡೆ ಕಟ್ಟಿದರೂ ತಳದ ನೀರು ಮೇಲಿನದಕ್ಕಿಂತ ಬೆಚ್ಚಗಿರುತ್ತದೆ. ಹತ್ತಿರ ಬಗ್ಗಿ ನೋಡಿ: ರೆಕ್ಕೆ ಮಡಚಿಕೊಂಡು, ಕಿವಿರು ಆಗೊಮ್ಮೆ ಈಗೊಮ್ಮೆ ಮಾತ್ರ ಆಡಿಸುತ್ತಾ, ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನನಗೆ ಪ್ರತಿ ಚಳಿಗಾಲದಲ್ಲೂ ಅದನ್ನು ನೋಡಿದರೇನೇ ಸಮಾಧಾನ.

ಆಹಾರ ಮಾತ್ರ ಇವತ್ತೇ ನಿಲ್ಲಿಸಿ. ನೀರು 10 ಡಿಗ್ರಿಗಿಂತ ಕೆಳಗಿಳಿದ ಮೇಲೆ ತಿಂದದ್ದು ಸರಿಯಾಗಿ ಜೀರ್ಣವಾಗುವುದಿಲ್ಲ. ತಿನ್ನದೆ ಉಳಿದದ್ದು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗುತ್ತದೆ, ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಕೂಡ ಈ ಚಳಿಗೆ ಮಂಕಾಗಿರುತ್ತವೆ. ದಯವಿಟ್ಟು ಪಾಪ ಅಂತ ಒಂದು ಚಿಟಿಕೆಯೂ ಹಾಕಬೇಡಿ. ಬೇಸಿಗೆಯಲ್ಲಿ ಚೆನ್ನಾಗಿ ತಿಂದ ಮೀನು ಮೈಯಲ್ಲಿರುವ ಕೊಬ್ಬಿನಲ್ಲೇ ತಿಂಗಳುಗಟ್ಟಲೆ ಇರಬಲ್ಲದು.

ನನ್ನ ಚಿಂತೆ ಇರುವುದು ನಿಮ್ಮ ಒರಾಂಡಾ ಬಗ್ಗೆ. ಕಾಮೆಟ್ ಗಟ್ಟಿ ತಳಿ. ಆದರೆ ಗುಂಡು ಮೈಯ ಒರಾಂಡಾಗೆ ಈ ಚಳಿ ಹೆಚ್ಚಾಯಿತು. ಅವೆರಡನ್ನೂ ಒಳಗೆ ತನ್ನಿ. ಟಬ್‌ಗೆ ಕೊಳದ ನೀರನ್ನೇ ತುಂಬಿ, ಮೊದಲು ತಣ್ಣನೆಯ ಕೋಣೆಯಲ್ಲಿಡಿ. ನೇರವಾಗಿ ಬೆಚ್ಚನೆಯ ಕೋಣೆಗೆ ಒಯ್ದರೆ ತಡೆಯಲಾರವು.

ಹೊಸಕೊಳ:
ಎರಡನ್ನೂ ತಂದೆ, ತುಂಬಾ ಥ್ಯಾಂಕ್ಸ್. ಕೊಳ ಪೂರ್ತಿ ಗಟ್ಟಿಯಾದರೆ ಸುತ್ತಿಗೆಯಿಂದ ಒಡೆಯಲಾ?

ತಾವರೆಬೇರು:
ಬೇಡವೇ ಬೇಡ. ಪೆಟ್ಟಿನ ಅದುರು ನೀರೊಳಗೆ ಸೀದಾ ಮೀನಿಗೆ ತಾಗುತ್ತದೆ. ಬಿಸಿನೀರು ತುಂಬಿದ ಪಾತ್ರೆಯನ್ನು ಗಡ್ಡೆಯ ಮೇಲೆ ಇಟ್ಟರೆ ತಾನೇ ಕರಗಿ ತೂತಾಗುತ್ತದೆ. ಪಾತ್ರೆ ಒಳಗೆ ಬಿದ್ದುಹೋಗದಂತೆ ದಾರ ಕಟ್ಟಿಡಿ.

ಈ ತೂತು ಬಹಳ ಮುಖ್ಯ. ಒರಾಂಡಾದಂಥವನ್ನು ಬಿಟ್ಟರೆ, ಚಳಿಗಾಲದಲ್ಲಿ ಸಾಯುವ ಬಹುಪಾಲು ಮೀನು ಚಳಿಗೆ ಸಾಯುವುದಿಲ್ಲ, ಉಸಿರುಕಟ್ಟಿ ಸಾಯುತ್ತವೆ. ತಳದಲ್ಲಿ ಕೊಳೆಯುವ ಎಲೆ ಆಮ್ಲಜನಕ ತಿನ್ನುತ್ತದೆ, ಕೆಟ್ಟ ಅನಿಲ ಬಿಡುತ್ತದೆ. ಮೇಲೆ ಮುಚ್ಚಳ ಬಿದ್ದರೆ ಅದು ಹೋಗುವುದೆಲ್ಲಿಗೆ? ಈಗಲೇ ಬಲೆಯಿಂದ ಎಲೆಗಳನ್ನು ನಿಧಾನವಾಗಿ ಎತ್ತಿ, ತಳ ಕಲಕಬೇಡಿ. ಏರ್ ಪಂಪ್ ಇದ್ದರೆ ಏರ್ ಸ್ಟೋನನ್ನು (ಪಂಪಿನ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಕಲ್ಲು) ಮೇಲ್ಮೈಯಿಂದ ಒಂದು ಗೇಣು ಕೆಳಗೆ ತೂಗುಬಿಡಿ, ಗುಳ್ಳೆ ಏಳುವ ಜಾಗ ಹೆಪ್ಪುಗಟ್ಟುವುದಿಲ್ಲ. ತಳದಲ್ಲಿಟ್ಟರೆ ಮೀನು ನೆಚ್ಚಿಕೊಂಡ ಬೆಚ್ಚನೆಯ ನೀರೆಲ್ಲ ಮೇಲಿನ ತಣ್ಣೀರಿನ ಜೊತೆ ಬೆರೆತುಹೋಗುತ್ತದೆ.

ನೀರಹಕ್ಕಿ:
ಒಂದು ಮಾತು ಸೇರಿಸುತ್ತೇನೆ. ಗಡ್ಡೆಯ ಮೇಲೆ ಹಿಮ ಬಿದ್ದರೆ ಸ್ವಲ್ಪ ಭಾಗವನ್ನಾದರೂ ಗುಡಿಸಿ. ಬೆಳಕು ಹೋಗದಿದ್ದರೆ ನೀರೊಳಗಿನ ಗಿಡಗಳು ಆಮ್ಲಜನಕ ಕೊಡುವುದನ್ನೇ ನಿಲ್ಲಿಸುತ್ತವೆ. ಗುಡಿಸುವಾಗ ಅಂಚಿನಿಂದಲೇ ಕೈಚಾಚಿ, ಗಡ್ಡೆಯ ಮೇಲೆ ಕಾಲಿಡಬೇಡಿ.

ಹೊಸಕೊಳ:
ಮತ್ತೆ ಆಹಾರ ಶುರು ಮಾಡುವುದು ಯಾವಾಗ?

ತಾವರೆಬೇರು:
ಕ್ಯಾಲೆಂಡರ್ ನೋಡಬೇಡಿ, ಥರ್ಮಾಮೀಟರ್ ನೋಡಿ. ನಡುವೆ ನಾಲ್ಕು ದಿನ ಬಿಸಿಲು ಬಂದರೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ, ಆಗಲೂ ಕೈ ಬಿಗಿಹಿಡಿಯಿರಿ. ನೀರು 10 ಡಿಗ್ರಿ ದಾಟಿ ಒಂದು ವಾರ ಅಲ್ಲೇ ನಿಂತರೆ, ಸುಲಭವಾಗಿ ಜೀರ್ಣವಾಗುವ ವೀಟ್‌ಜರ್ಮ್ (ಗೋಧಿಕಾಳಿನ ಭ್ರೂಣ) ಇರುವ ಮೀನಿನ ಆಹಾರ ಸ್ವಲ್ಪವೇ ಕೊಡಿ. ಆ ದಿನಗಳಲ್ಲಿ ಮೀನಿನ ರೋಗನಿರೋಧಕ ಶಕ್ತಿ ಇನ್ನೂ ಎದ್ದಿರುವುದಿಲ್ಲ, ರೋಗಾಣುಗಳು ಅದಕ್ಕಿಂತ ಮೊದಲೇ ಎದ್ದಿರುತ್ತವೆ. ಮೈಮೇಲೆ ಕೆಂಪು ಹುಣ್ಣು, ಬಿಳಿ ಹತ್ತಿಯಂಥದ್ದು ಕಂಡರೆ ಫೋಟೊ ಹಾಕಿ ಇಲ್ಲೇ ಕೇಳಿ.