ಪದಚರ್ಚೆ: ಪೂಲ್ ಟೇಬಲ್ ಮೇಲೆ ‘ಗುರಿ’ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಜಗಳ ತಂದಿದ್ದೇನೆ, ಬಗೆಹರಿಸಿಕೊಡಿ.

ನಾನು ವಾರಕ್ಕೆ ಎರಡು ದಿನ ಪೂಲ್ ಆಡುತ್ತೇನೆ. ‘ಕ್ಯೂ’ ಅನ್ನುವ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದು ತಾಗಿ ಬಣ್ಣದ ಚೆಂಡು ಟೇಬಲ್ ಅಂಚಿನ ತೂತಿಗೆ, ಅಂದರೆ ಪಾಕೆಟ್ಟಿಗೆ, ಬೀಳುವ ಹಾಗೆ ಮಾಡುವ ಆಟ. ಚೆನ್ನಾಗೇನೂ ಅಲ್ಲ. ಅಲ್ಲಿಗೆ ಹೊಸದಾಗಿ ಬರುವ ಹುಡುಗರಿಗೆ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆದುಕೊಡೋಣ ಅಂತ ಕೂತೆ. ಮೊದಲನೇ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಸಾಲು ಇಷ್ಟೇ: ‘ಗುರಿ ನೋಡಿ ಹೊಡೆಯಿರಿ.’

ಕರಡು ಓದಿದ ಗೆಳೆಯ ಕೇಳಿದ, “ಯಾವುದನ್ನ ನೋಡ್ಬೇಕು? ಪಾಕೆಟ್ಟಾ, ಬಣ್ಣದ ಚೆಂಡಾ, ಇಲ್ಲಾ ಕ್ಯೂ ಹಿಡಿದಿರೋ ದಿಕ್ಕಾ?” ನಾನು ಬಣ್ಣದ ಚೆಂಡು ಅಂದೆ. ಪಕ್ಕದ ಟೇಬಲ್ಲಿನವನು ಬಂದು, ಬಣ್ಣದ ಚೆಂಡಿನ ಕಡೆ ನೋಡಿ ಹೊಡೆದರೆ ಯಾವತ್ತೂ ಬೀಳಲ್ಲ ಅಂದ. ಅರ್ಧ ಗಂಟೆ ವಾದ ನಡೆಯಿತು. ಟೇಬಲ್ ಬಾಡಿಗೆಯ ಮೀಟರ್ ಓಡುತ್ತಲೇ ಇತ್ತು.

ಆಮೇಲೆ ಯೋಚಿಸಿದರೆ ತಪ್ಪು ನಮ್ಮ ಮೂವರದ್ದೂ ಅಲ್ಲ, ಪದದ್ದು. ಬಿಲ್ಲು ಹಿಡಿದವನಿಗೆ, ಮಾವಿನಕಾಯಿಗೆ ಕಲ್ಲು ಬೀರುವವನಿಗೆ ಗುರಿ ಒಂದೇ. ಕಣ್ಣಿಟ್ಟ ಕಡೆಗೇ ಕಲ್ಲು ಹೋಗಬೇಕು. ಪೂಲಿನಲ್ಲಿ ಹಾಗಲ್ಲ. ಬಿಳಿ ಚೆಂಡು ಹೋಗಿ ಬಣ್ಣದ ಚೆಂಡಿಗೆ ತಾಗಬೇಕು, ಬಣ್ಣದ್ದು ಹೋಗಿ ಪಾಕೆಟ್ಟಿಗೆ ಬೀಳಬೇಕು, ಮತ್ತೆ ಬಿಳಿ ಮುಂದಿನ ಹೊಡೆತಕ್ಕೆ ಅನುಕೂಲವಾದ ಜಾಗದಲ್ಲಿ ಬಂದು ನಿಲ್ಲಬೇಕು. ಒಂದು ಹೊಡೆತದಲ್ಲಿ ಗುರಿ ಅನ್ನಬಹುದಾದದ್ದು ಮೂರೋ ನಾಲ್ಕೋ ಇದೆ.

ಕನ್ನಡದಲ್ಲಿ ‘ಗುರಿ’ ಮೊದಲೇ ಜಾಸ್ತಿ ಹೊರೆ ಹೊತ್ತಿದೆ. ‘ಟೀಕೆಗೆ ಗುರಿಯಾದ’ ಅಂದಾಗ ಏಟು ತಿಂದವನೇ ಗುರಿ. ‘ಅವನ ಗುರಿ ಚೆನ್ನಾಗಿದೆ’ ಅಂದಾಗ ಅದು ಹೊಡೆಯುವವನ ಕೈಚಳಕ. ‘ಗುರಿ ಇಲ್ಲದ ಬದುಕು’ ಅಂದಾಗ ಹತ್ತು ವರ್ಷ ಆಚೆ ಇರುವ ಏನೋ ಒಂದು. ಮಾತಿನಲ್ಲಿ ಇದ್ಯಾವುದೂ ತೊಂದರೆ ಕೊಡುವುದಿಲ್ಲ. ಟೇಬಲ್ ಮೇಲೆ ಕೊಡುತ್ತದೆ.

ಜಗಳ ಜಾಸ್ತಿಯಾಗಿದ್ದು ಒಂದು ಪದ್ಧತಿಯ ವಿಷಯದಲ್ಲಿ. ಬಣ್ಣದ ಚೆಂಡಿಗೆ ಅಂಟಿಕೊಂಡ ಹಾಗೆ, ಪಾಕೆಟ್ಟಿಗೆ ಸರಿಯಾಗಿ ಎದುರು ಬದಿಯಲ್ಲಿ, ಇನ್ನೊಂದು ಚೆಂಡು ಇದೆ ಅಂತ ಅಂದುಕೊಳ್ಳಬೇಕು. ಬಿಳಿಯನ್ನು ಆ ಚೆಂಡಿನ ಜಾಗಕ್ಕೆ ಕಳಿಸಬೇಕು. ಪೂಲ್ ಚೆಂಡಿನ ಅಡ್ಡಳತೆ 57 ಮಿಲಿಮೀಟರ್ ಚಿಲ್ಲರೆ. ಅಂದರೆ ನಾವು ನೋಡಬೇಕಾದ ಚುಕ್ಕಿ ಬಣ್ಣದ ಚೆಂಡಿನ ನಡುವಿನಿಂದ 57 ಮಿಲಿಮೀಟರ್ ಈಚೆ, ಬರೀ ಬಟ್ಟೆಯ ಮೇಲೆ, ಏನೂ ಇಲ್ಲದ ಜಾಗದಲ್ಲಿ ಇರುತ್ತದೆ. ಇದನ್ನು ಆಟದವರು ‘ಘೋಸ್ಟ್ ಬಾಲ್’ ಅನ್ನುತ್ತಾರೆ. ನಾನು ‘ದೆವ್ವದ ಚೆಂಡು’ ಅಂತ ಬರೆದೆ, ಹುಡುಗರು ನಕ್ಕರು. ಈಗ ‘ಇಲ್ಲದ ಚೆಂಡು’ ಅಂತ ಇಟ್ಟಿದ್ದೇನೆ. ಇದು ನನಗೆ ಇಷ್ಟವಾಗಿದೆ, ಬೇಡ ಅನ್ನುವವರು ಕಾರಣ ಕೊಡಿ.

ಪಕ್ಕದ ಟೇಬಲ್ಲಿನವನು ಇನ್ನೊಂದು ಪಂಗಡದವನು. ಅವನು ಚೆಂಡನ್ನು ಭಾಗ ಮಾಡುತ್ತಾನೆ. ಬಿಳಿಯ ನಡುವನ್ನು ಬಣ್ಣದ ಚೆಂಡಿನ ಅಂಚಿಗೆ ಸರಿಯಾಗಿ ಹಿಡಿದರೆ ಅರ್ಧ ತಾಗುತ್ತದೆ, ಬಣ್ಣದ್ದು 30 ಡಿಗ್ರಿ ಓರೆಯಾಗಿ ಹೋಗುತ್ತದೆ. ಮುಕ್ಕಾಲು ತಾಗಿದರೆ ಸುಮಾರು 14, ಕಾಲು ತಾಗಿದರೆ ಸುಮಾರು 49. ಇಲ್ಲಿ ಕನ್ನಡಕ್ಕೆ ಹಬ್ಬ. ಮುಕ್ಕಾಲು, ಅರ್ಧ, ಕಾಲು, ಅರೆಕಾಲು, ಇನ್ನೂ ತೆಳ್ಳಗೆ ಬೇಕಾದರೆ ವೀಸ, ಅಂದರೆ ಹದಿನಾರರಲ್ಲಿ ಒಂದು ಭಾಗ. ಅಜ್ಜಿ ಲೆಕ್ಕದ ಪದಗಳೆಲ್ಲ ಸುಮ್ನೆ ಬಂದು ಕೂತವು. ಒಂದೇ ಎಡವಟ್ಟು, ‘ಕಾಲು ಚೆಂಡು’ ಅಂತ ಬರೆದರೆ ಓದುವವನು ಫುಟ್‌ಬಾಲ್ ಅಂದುಕೊಳ್ಳುತ್ತಾನೆ. ಅದಕ್ಕೆ ‘ಕಾಲುಭಾಗ’ ಮಾಡಿದೆ. ತೀರಾ ಅಂಚಿಗೆ ತಾಗುವುದಕ್ಕೆ ‘ಸವರಿ ಹೊಡೆ’ ಅಂತ ನಮ್ಮಲ್ಲಿ ಬಾಯಿಮಾತಿನಲ್ಲೇ ಇದೆ, ಅದನ್ನು ಮುಟ್ಟಲಿಲ್ಲ.

ಇಬ್ಬರ ಪದ್ಧತಿಯಲ್ಲೂ ಒಂದು ಸಣ್ಣ ಮೋಸ ಇದೆ ಅಂತ ಹೇಳಿಬಿಡುತ್ತೇನೆ. ತಾಗುವ ಗಳಿಗೆಯಲ್ಲಿ ಎರಡು ಚೆಂಡೂ ಒಂದನ್ನೊಂದು ಉಜ್ಜುತ್ತವೆ, ಬಣ್ಣದ್ದು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಓರೆಯಾಗಿ ಹೋಗುತ್ತದೆ. ಮೆಲ್ಲಗೆ ಹೊಡೆದಾಗ, ಚೆಂಡು ಕೊಳೆಯಾಗಿದ್ದಾಗ ಇದು ಜಾಸ್ತಿ. ಅದಕ್ಕೇ ಹಳಬರು ಇನ್ನೊಂದಿಷ್ಟು ತೆಳ್ಳಗೆ ತಗೊ ಅನ್ನುವುದು. ಇದಕ್ಕೆ ಯಾವ ಪದ್ಧತಿಯೂ ಇಲ್ಲ. ಇರುವುದು ಕಣ್ಣಳತೆ. ಈ ಪದಕ್ಕೆ ಮಾತ್ರ ನಾನು ಯಾವ ಬದಲಿಯನ್ನೂ ಹುಡುಕುವುದಿಲ್ಲ.

ಈಗ ನನ್ನ ಸಲಹೆ. ‘ಗುರಿ’ಯನ್ನು ಪಾಕೆಟ್ಟಿಗೆ ಮಾತ್ರ ಬಿಡೋಣ. ಬಣ್ಣದ ಚೆಂಡಿನ ಮೇಲಿನ ಚುಕ್ಕಿಗೆ ‘ತಾಗುವ ಜಾಗ’. ಕಣ್ಣು, ಕ್ಯೂ, ಬಿಳಿ ಮೂರೂ ಸೇರುವ ಗೆರೆಗೆ ‘ನೇರ’. ನೇರ ಅಂದರೆ ಗುಣ ಹೇಳುವ ಪದ, ಅದನ್ನು ಹೆಸರಾಗಿ ಬಳಸಬಾರದು ಅಂತ ಗೆಳೆಯನ ತಕರಾರು. ಆದರೆ ‘ತನ್ನ ಮೂಗಿನ ನೇರಕ್ಕೆ ಮಾತಾಡುತ್ತಾನೆ’ ಅಂತ ದಿನಾ ಅನ್ನುತ್ತೇವಲ್ಲ, ಅಲ್ಲಿ ನೇರ ಹೆಸರೇ ಅಲ್ವಾ? ಗಾರೆ ಕೆಲಸದವನು ಒಂದು ಕಣ್ಣು ಮುಚ್ಚಿ ಗೋಡೆಯ ನೇರ ನೋಡುತ್ತಾನೆ. ಪೂಲಿನ ಹಾಗೆಯೇ ಕ್ಯೂ ಹಿಡಿದು ಆಡುವ ಸ್ನೂಕರ್ ಆಟದವರನ್ನು ಗಮನಿಸಿ, ಕ್ಯೂ ಗದ್ದಕ್ಕೆ ತಾಗಿಕೊಂಡು ಅಕ್ಷರಶಃ ಮೂಗಿನ ನೇರಕ್ಕೇ ಇರುತ್ತದೆ. ಹಾಗಾಗಿ ‘ಗುರಿ ನೋಡು, ನೇರ ಹಿಡಿ’. ಹೇಗಿದೆ?

ಎರಡನೇ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಬಿಳಿ ಚೆಂಡಿನ ‘ಕಂಟ್ರೋಲ್’ಗೆ ಏನನ್ನೋಣ? ‘ನಿಯಂತ್ರಣ’ ಸರ್ಕಾರಿ ಫೈಲಿನ ವಾಸನೆ ಹೊಡೆಯುತ್ತದೆ, ಬಿಟ್ಟೆ. ‘ಹಿಡಿತ’, ‘ಹತೋಟಿ’ ಉಳಿದವು. ಆದರೆ ಹಿಡಿತ ಅಂದರೆ ಕೈಯಲ್ಲಿ ಇರಬೇಕು. ಕ್ಯೂ ತಾಗಿದ ಮೇಲೆ ಬಿಳಿ ಯಾರ ಕೈಯಲ್ಲೂ ಇಲ್ಲ. ಹುಡುಗನಿಗೆ ಚೀಟಿ ಬರೆದುಕೊಟ್ಟು ಅಂಗಡಿಗೆ ಕಳಿಸಿದ ಹಾಗೆ, ಹೇಳುವುದನ್ನೆಲ್ಲ ಮೊದಲೇ ಹೇಳಿ ಕಳಿಸಬೇಕು. ಆಮೇಲೆ ಟೇಬಲ್ ಪಕ್ಕ ನಿಂತು ಮೈ ಬಗ್ಗಿಸಿದರೆ ಚೆಂಡು ಬಗ್ಗಲ್ಲ, ನಾವೆಲ್ಲ ಬಗ್ಗಿಸುತ್ತೇವೆ ಅನ್ನುವುದು ಬೇರೆ ಮಾತು.

ಚೀಟಿಯಲ್ಲಿ ಬರೆಯುವುದು ಏನು? ಬಿಳಿಯ ಯಾವ ಜಾಗಕ್ಕೆ ಕ್ಯೂ ತಾಗಿತು ಅನ್ನುವುದು. ಬಟ್ಟೆಯಿಂದ ಚೆಂಡಿನ ಎತ್ತರದ ಹತ್ತರಲ್ಲಿ ಏಳು ಭಾಗದ ಹತ್ತಿರ, ಅಂದರೆ ಸುಮಾರು 40 ಮಿಲಿಮೀಟರ್ ಮೇಲೆ ಹೊಡೆದರೆ ಬಿಳಿ ಮೊದಲಿಂದಲೇ ಉರುಳುತ್ತದೆ. ನಡುವಿಗೆ ಹೊಡೆದರೆ ಮೊದಲು ಜಾರುತ್ತದೆ, ಹೋಗ್ತಾ ಹೋಗ್ತಾ ಬಟ್ಟೆ ಅದನ್ನು ಹಿಡಿದು ಉರುಳಿಸುತ್ತದೆ. ಕೆಳಗೆ ಹೊಡೆದರೆ ಮುಂದೆ ಜಾರುತ್ತಾ ಹಿಂದಕ್ಕೆ ತಿರುಗುತ್ತಿರುತ್ತದೆ. ಉರುಳುವುದು ಬೇರೆ, ಜಾರುವುದು ಬೇರೆ, ತಿರುಗುವುದು ಬೇರೆ. ಮೂರಕ್ಕೂ ನಮ್ಮಲ್ಲಿ ಮೂರು ಪದ ಸಲೀಸಾಗಿ ಇದೆ. ಈ ಲೆಕ್ಕವನ್ನೆಲ್ಲ ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲೇ ಒಂದು ಪೂರ್ತಿ ಪುಸ್ತಕವಾಗಿ ಬರೆದಿಟ್ಟಿದ್ದಾನೆ. ಚಂಡಮಾರುತ ಸುತ್ತುವ ವಿಷಯದಲ್ಲಿ ಹೆಸರು ಕೇಳಿರುತ್ತೀರಿ, ಅವನೇ.

ಓರೆ ಹೊಡೆತದಲ್ಲಿ ತಾಗುವ ಗಳಿಗೆಗೆ ಬಿಳಿ ಬರೀ ಜಾರುತ್ತಿದ್ದರೆ, ಬಣ್ಣದ ಚೆಂಡು ಹೋದ ದಾರಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಹೋಗುತ್ತದೆ. ಉರುಳುತ್ತಿದ್ದರೆ, ಕಾಲುಭಾಗದಿಂದ ಮುಕ್ಕಾಲು ಭಾಗದವರೆಗೆ ಎಷ್ಟೇ ತಾಗಲಿ, ತಾನು ಬಂದ ದಾರಿಯಿಂದ ಹೆಚ್ಚುಕಡಿಮೆ 30 ಡಿಗ್ರಿ ಪಕ್ಕಕ್ಕೆ. ಇದನ್ನು ಮೊದಲ ಸಲ ಮಾಡಿ ನೋಡಿದಾಗ ನನಗೆ ನಂಬಿಕೆ ಬರಲಿಲ್ಲ, ಸೀಮೆಸುಣ್ಣದಲ್ಲಿ ಗುರುತು ಹಾಕೋಕೆ ಹೋಗಿ ಬೈಸಿಕೊಂಡೆ.

ಇಂಗ್ಲಿಷಿನವರು ಇದಕ್ಕೆಲ್ಲ ಹೆಸರಿಟ್ಟುಕೊಂಡಿದ್ದಾರೆ: ತಾಗಿದ ಮೇಲೂ ಬಿಳಿ ಮುಂದಕ್ಕೆ ಹೋದರೆ ಫಾಲೋ, ತಾಗುವಾಗ ಬರೀ ಜಾರುತ್ತಿದ್ದರೆ ಸ್ಟನ್, ಹಿಂದಕ್ಕೆ ಬಂದರೆ ಡ್ರಾ. ನಾನೂ ಹೆಸರು ಹುಡುಕಿ ಸೋತೆ. ಆಮೇಲೆ ಹೊಳೆಯಿತು, ಕನ್ನಡಕ್ಕೆ ಇಲ್ಲಿ ಹೆಸರೇ ಬೇಡ, ‘ಇಸು’ ಸಾಕು. ಬಿಳಿಯನ್ನು ಉರುಳಿಸು, ಜಾರಿಸು, ನಿಲ್ಲಿಸು. ಡ್ರಾ ಹೊಡೆತಕ್ಕೆ ಕರೆಸಿಕೊ. ‘ಬಿಳಿಯನ್ನು ವಾಪಸ್ ಕರೆಸಿಕೊ’ ಅಂದರೆ ಹುಡುಗ ತಕ್ಷಣ ಕೆಳಗೆ ಹೊಡೆದ, ವಿವರಿಸಬೇಕಾಗಲಿಲ್ಲ. ಅಮೆರಿಕದವರು ಪಕ್ಕಕ್ಕೆ ಹೊಡೆದು ಕೊಡುವ ಗಿರಕಿಗೆ ‘ಇಂಗ್ಲಿಷ್’ ಅನ್ನುತ್ತಾರೆ. ‘ಬಿಳಿಗೆ ಇಂಗ್ಲಿಷ್ ಹಾಕು’ ಅಂತ ಬರೆದರೆ ನಮ್ಮಲ್ಲಿ ಏನರ್ಥ ಆಗುತ್ತೆ ಅಂತ ನಿಮಗೇ ಗೊತ್ತು. ಬ್ರಿಟನ್ನಿನವರ ಹಾಗೆ ‘ಸೈಡ್’ ಅನ್ನುವುದೇ ನಮ್ಮ ಹುಡುಗರಿಗೂ ಬಾಯಿಗೆ ಬಂದಿದೆ, ಅದೇ ಇರಲಿ.

ಕೇರಂ ಪದಗಳನ್ನು ಯಾಕೆ ತರಬಾರದು ಅಂತ ಯಾರಾದರೂ ಕೇಳುತ್ತೀರಿ. ನಾನೂ ನೋಡಿದೆ. ಓರೆಗೆ, ಅಂಚಿಗೆ ಅಲ್ಲಿಂದ ಪದ ಸಿಗುತ್ತದೆ. ಆದರೆ ಸ್ಟ್ರೈಕರ್ ಬಿಲ್ಲೆ, ಅದು ಜಾರುತ್ತದೆ ಹೊರತು ಉರುಳುವುದಿಲ್ಲ. ಕಾಯಿಗೆ ತಾಗಿದ ಮೇಲೆ ಸ್ಟ್ರೈಕರನ್ನು ಹಿಂದಕ್ಕೆ ಕರೆಸಿಕೊಳ್ಳುವ ಮಾತೇ ಅಲ್ಲಿಲ್ಲ, ಪದ ಎಲ್ಲಿಂದ ಬರಬೇಕು? ಬರಬಹುದಾದರೆ ಗೋಲಿಯಿಂದ. ಬೆರಳು ಹಿಂದಕ್ಕೆ ಬಾಗಿಸಿ ಬಿಟ್ಟ ಗೋಲಿ ಎದುರಿನದಕ್ಕೆ ಟಪ್ ಅಂತ ಹೊಡೆದು ಅದರ ಜಾಗದಲ್ಲೇ ಕೂತುಬಿಡುತ್ತಿತ್ತಲ್ಲ, ಅದು ಪೂಲಿನಲ್ಲಿ ಬಿಳಿ ಗಕ್ಕನೆ ನಿಲ್ಲುವ ಹೊಡೆತವೇ. ಅದಕ್ಕೊಂದು ಪದ ಇತ್ತು ಅಂತ ನೆನಪು, ಏನಂತ ಮಾತ್ರ ನಾಲಿಗೆಗೆ ಬರುತ್ತಿಲ್ಲ.

ಪಂಕಜ್ ಅಡ್ವಾಣಿ ನಮ್ಮ ಬೆಂಗಳೂರಿನವರು, 2003ರಲ್ಲೇ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದವರು, ಆಮೇಲೆ ಗೆದ್ದದ್ದಕ್ಕೆ ಲೆಕ್ಕ ಇಡುವುದೇ ಕಷ್ಟ. ನಾನು ಓದಿದ ಕನ್ನಡ ವರದಿಗಳಲ್ಲಿ ಪ್ರತಿ ಸಲ ಎಷ್ಟು ಫ್ರೇಮ್‌ಗೆ, ಅಂದರೆ ಎಷ್ಟು ಸುತ್ತಿಗೆ, ಗೆದ್ದರು ಅಂತ ಇರುತ್ತದೆ, ಬಿಳಿಯನ್ನು ಹೇಗೆ ಆಡಿಸಿದರು ಅಂತ ಒಂದು ಸಾಲೂ ಇರಲ್ಲ. ಬರೆಯುವವರಿಗೂ ನನ್ನದೇ ತಾಪತ್ರಯ ಇರಬೇಕು.

ಹಾಗಾಗಿ ಕೇಳುವುದು ಎರಡೇ. ‘ನೇರ’ವನ್ನು ನಾನು ಹೇಳಿದ ಹಾಗೆ ಬಳಸಿದರೆ ನಿಮ್ಮ ಕಿವಿಗೆ ಒರಟಾಗಿ ಕೇಳುತ್ತಾ? ಮತ್ತೆ, ಹೊಡೆದ ಗೋಲಿ ಹೊಡೆಸಿಕೊಂಡ ಗೋಲಿಯ ಜಾಗದಲ್ಲೇ ನಿಂತರೆ ನಿಮ್ಮ ಕಡೆ ಏನನ್ನುತ್ತಿದ್ದರು? ಮಂಡ್ಯ, ಧಾರವಾಡ, ಬೀದರ್, ಕುಂದಾಪುರ, ಯಾವ ಕಡೆಯದಾದರೂ ಸರಿ, ಊರಿನ ಹೆಸರೂ ಸೇರಿಸಿ ಬರೆಯಿರಿ.